ನಡೆದರೆ ಕಾಲುನೋವು, ಬಿಡದ ಕೆಮ್ಮು: ಸಣ್ಣ ಕ್ಲಿನಿಕ್ಕಿನಲ್ಲಿ ಪತ್ತೆ ಹಚ್ಚುವ ಕ್ರಮ

ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ಹೊಸದಾಗಿ ಕ್ಲಿನಿಕ್ ತೆರೆದವರು, ಉಪಕೇಂದ್ರಗಳ ಸಮುದಾಯ ಆರೋಗ್ಯ ಅಧಿಕಾರಿಗಳು ಪದೇ ಪದೇ ಕೇಳುವ ಪ್ರಶ್ನೆಗಳು ಎರಡು. ನಡೆದಾಗ ಕಾಲು ನೋಯುತ್ತದೆ ಎನ್ನುವವರನ್ನೆಲ್ಲ ಸ್ಕ್ಯಾನಿಗೆ ಕಳಿಸಬೇಕೆ? ಕೆಮ್ಮಿಕೊಂಡು ಬಂದವರಲ್ಲಿ ಯಾರಿಗೆ ಆಂಟಿಬಯಾಟಿಕ್ ಬೇಕು, ಯಾರಿಗೆ ಬೇಡ? ಎರಡಕ್ಕೂ ಉತ್ತರದ ಬಹುಪಾಲು ನಿಮ್ಮ ಕೈಯಳತೆಯಲ್ಲೇ ಇದೆ. ಕಾಲಿನ ನಾಡಿ ಮುಟ್ಟಿ ನೋಡಬೇಕು, ಉಸಿರು ಎಣಿಸಬೇಕು. ದಿನಕ್ಕೆ ನೂರು ಮಂದಿ ಬರುವ ಕಡೆ ಮೊದಲು ಬಿಟ್ಟುಹೋಗುವುದೂ ಇವೇ ಎರಡು.

ಇವೆರಡನ್ನು ಒಟ್ಟಿಗೆ ಬರೆಯಲು ಕಾರಣವಿದೆ. ಪಠ್ಯಪುಸ್ತಕದಲ್ಲಿ ಅಪಧಮನಿ ಒಂದು ಅಧ್ಯಾಯ, ಶ್ವಾಸಕೋಶ ಇನ್ನೊಂದು. ನಿಮ್ಮೆದುರು ಕೂತವರಲ್ಲಿ ಎರಡೂ ಇರುತ್ತವೆ. ಮೂವತ್ತು ವರ್ಷ ಬೀಡಿ ಸೇದಿದವರ ಎದೆ ಕೆಟ್ಟಿದ್ದರೆ ಕಾಲಿನ ಧಮನಿ ಮಾತ್ರ ಚೆನ್ನಾಗಿದೆ ಎಂದು ನಂಬುವಂತಿಲ್ಲ. ಒಂದಕ್ಕೆ ಕೊಟ್ಟ ಮಾತ್ರೆ ಇನ್ನೊಂದರ ಲಕ್ಷಣವನ್ನು ಹುಟ್ಟಿಸುವುದೂ ಉಂಟು. ಅದನ್ನು ಮೂರನೇ ಭಾಗದಲ್ಲಿ ನೋಡೋಣ.

ಮೊದಲು ಜೋಡಿಸಿಕೊಳ್ಳಬೇಕಾದ್ದು

ಕೈಯಿಂದ ಗಾಳಿ ಹಾಕುವ ಬಿಪಿ ಯಂತ್ರ ಮತ್ತು ಎರಡು ಅಳತೆಯ ಪಟ್ಟಿ. ಪಟ್ಟಿಯ ಅಗಲ ಆ ಕೈ ಅಥವಾ ಕಾಲಿನ ಸುತ್ತಳತೆಯ ಶೇ. 40ರಷ್ಟಾದರೂ ಇರಬೇಕು. ಕಿರಿದಾದ ಪಟ್ಟಿ ಕಟ್ಟಿದರೆ ಬಿಪಿ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ.

8 ಮೆಗಾಹರ್ಟ್ಸ್‌ನ ಪೆನ್ ಡಾಪ್ಲರ್, ಎಂದರೆ ರಕ್ತದ ಹರಿವನ್ನು ಶಬ್ದವಾಗಿ ಕೇಳಿಸುವ ಪುಟ್ಟ ಸಾಧನ, ಜೊತೆಗೆ ಜೆಲ್. ಹೆರಿಗೆ ಕೋಣೆಯಲ್ಲಿ ಮಗುವಿನ ಎದೆಬಡಿತ ಕೇಳಲು ಇಟ್ಟಿರುವ ಡಾಪ್ಲರ್ ಈ ಕೆಲಸಕ್ಕೆ ಬಾರದು. ಅದು ಸಾಮಾನ್ಯವಾಗಿ 2ರಿಂದ 3 ಮೆಗಾಹರ್ಟ್ಸ್‌ನದು, ಆಳದಲ್ಲಿರುವುದನ್ನು ಹುಡುಕುತ್ತದೆ. ಚರ್ಮದ ಅಡಿಯಲ್ಲೇ ಇರುವ ಪಾದದ ನಾಳ ಅದಕ್ಕೆ ಸರಿಯಾಗಿ ಸಿಗುವುದಿಲ್ಲ. "ನಾಡಿಯೇ ಇಲ್ಲ" ಎಂದು ತಪ್ಪಾಗಿ ಬರೆದು ಕಳಿಸಲು ಇದೂ ಒಂದು ಕಾರಣ.

ಉಳಿದಂತೆ ಸೆಕೆಂಡ್ ಮುಳ್ಳಿನ ಗಡಿಯಾರ, ಪಲ್ಸ್ ಆಕ್ಸಿಮೀಟರ್, ಥರ್ಮಾಮೀಟರ್, ಸ್ಟೆತಸ್ಕೋಪ್, ಕಫದ ಡಬ್ಬಿ, ಮಧುಮೇಹಿಗಳ ಪಾದದ ಸ್ಪರ್ಶ ನೋಡಲು 10 ಗ್ರಾಂ ಮಾನೋಫಿಲಮೆಂಟ್ ಎಂಬ ನೈಲಾನ್ ಎಳೆ. ಮಲಗಿಸಲು ಒಂದು ಮಂಚ ಬೇಕೇ ಬೇಕು. ಕುರ್ಚಿಯಲ್ಲಿ ಕೂರಿಸಿ ಈ ಪರೀಕ್ಷೆ ಮಾಡಲಾಗದು.

ಭಾಗ ಒಂದು: ಕಾಲಿನ ಅಪಧಮನಿ

1. ನೋವಿನ ನಡವಳಿಕೆ ಕೇಳಿ

ಅಪಧಮನಿ ಕಿರಿದಾದಾಗ ಬರುವ ನೋವಿಗೆ ವೈದ್ಯರ ಭಾಷೆಯಲ್ಲಿ ಕ್ಲಾಡಿಕೇಶನ್ ಎನ್ನುತ್ತಾರೆ. ನಡೆಯುವಾಗ ಸ್ನಾಯುವಿಗೆ ಬೇಕಾದಷ್ಟು ರಕ್ತ ಸಿಗದೆ ಹಿಡಿದುಕೊಳ್ಳುವ ನೋವು ಇದು. ಇಷ್ಟು ದೂರ ನಡೆದರೆ ಶುರುವಾಗುತ್ತದೆ, ನಿಂತರೆ ಹತ್ತು ನಿಮಿಷದೊಳಗೆ ಹೋಗುತ್ತದೆ, ಮತ್ತೆ ಅಷ್ಟೇ ದೂರಕ್ಕೆ ಬರುತ್ತದೆ. "ಎಷ್ಟು ಮೀಟರ್?" ಎಂದು ಕೇಳಬೇಡಿ. "ಎಷ್ಟು ಲೈಟ್ ಕಂಬ ದಾಟಿದರೆ ನಿಲ್ಲಬೇಕಾಗುತ್ತೆ? ಹೋದ ವರ್ಷ ಎಷ್ಟು ಕಂಬ?" ಎಂದು ಕೇಳಿ. ಐದು ಕಂಬ ಎರಡಕ್ಕೆ ಇಳಿದಿದ್ದರೆ ಕಾಯಿಲೆ ಮುಂದುವರಿಯುತ್ತಿದೆ.

ಯಾವ ಮಟ್ಟದಲ್ಲಿ ಅಡಚಣೆ ಎಂಬುದಕ್ಕೂ ಸುಳಿವು ಸಿಗುತ್ತದೆ. ಮೀನಖಂಡ ಹಿಡಿದರೆ ಸಾಮಾನ್ಯವಾಗಿ ತೊಡೆಯ ನಾಳ, ತೊಡೆ ಮತ್ತು ಸೊಂಟದ ಕೆಳಭಾಗ ಹಿಡಿದರೆ ಹೊಟ್ಟೆಯೊಳಗಿನ ನಾಳ. ಅಂಗಾಲೇ ನೋಯುವ, 45–50ರೊಳಗಿನ, ಬೀಡಿ ಸೇದುವವರಲ್ಲಿ ಬರ್ಗರ್ ಕಾಯಿಲೆ ನೆನಪಾಗಬೇಕು. 1908ರಲ್ಲಿ ಲಿಯೋ ಬರ್ಗರ್ ವಿವರಿಸಿದ ಈ ಕಾಯಿಲೆ ಕೈ ಬೆರಳುಗಳನ್ನೂ ಬಿಡುವುದಿಲ್ಲ, ಆದ್ದರಿಂದ ಕೈಯನ್ನೂ ನೋಡಿ. ಇದರಲ್ಲಿ ಬೀಡಿ ಕಡಿಮೆ ಮಾಡಿದರೆ ಸಾಲದು, ಜಗಿಯುವ ತಂಬಾಕೂ ಸೇರಿ ಪೂರ್ತಿ ನಿಲ್ಲಬೇಕು.

ತಪ್ಪುವುದು ಎಲ್ಲಿ? ಬೆನ್ನುಹುರಿಯ ಕಾಲುವೆ ಕಿರಿದಾದಾಗಲೂ ನಡೆದರೆ ಕಾಲು ನೋಯುತ್ತದೆ. ಆದರೆ ಆ ನೋವು ಬರೀ ನಿಂತರೆ ಹೋಗುವುದಿಲ್ಲ. ಕೂರಬೇಕು, ಇಲ್ಲವೇ ಮುಂದಕ್ಕೆ ಬಾಗಬೇಕು. ಸೈಕಲ್ ತುಳಿಯಲು ಅವರಿಗೆ ತೊಂದರೆಯಿಲ್ಲ. ಬಹಳಷ್ಟು ಮಂದಿ ಎರಡಕ್ಕೂ "ನರದ ತೊಂದರೆ" ಎಂದೇ ಹೇಳಿಕೊಂಡು ಬರುತ್ತಾರೆ. ಅದನ್ನು ಹಾಗೆಯೇ ಚೀಟಿಗೆ ಇಳಿಸಿ ವಿಟಮಿನ್ ಬಿ12 ಬರೆದರೆ ತಿಂಗಳುಗಟ್ಟಲೆ ಕೈತಪ್ಪುತ್ತದೆ.

ರಾತ್ರಿ ಮಲಗಿದಾಗ ಪಾದ ಉರಿದು, ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟರೆ ಮಾತ್ರ ನಿದ್ದೆ ಬರುತ್ತದೆ ಎಂದರೆ ಎಚ್ಚರ. ವಿಶ್ರಾಂತಿಯಲ್ಲೂ ರಕ್ತ ಸಾಲುತ್ತಿಲ್ಲ ಎಂದರ್ಥ. ಹಾಗೆ ಇಳಿಬಿಟ್ಟ ಕಾಲು ಊದಿಕೊಂಡಿರುತ್ತದೆ. ಊತ ನೋಡಿ ಅಭಿಧಮನಿಯ ಕಾಯಿಲೆ, ವೆರಿಕೋಸ್ ಎಂದುಕೊಂಡು ಕ್ರೇಪ್ ಬ್ಯಾಂಡೇಜ್ ಬಿಗಿದರೆ ಇದ್ದಷ್ಟು ರಕ್ತವೂ ನಿಲ್ಲುತ್ತದೆ. ಎಬಿಐ (ಪಾದದ ಗಂಟಿನ ಬಿಪಿಯನ್ನು ತೋಳಿನದಕ್ಕೆ ಹೋಲಿಸುವ ಅಳತೆ, ನಾಲ್ಕನೇ ಹಂತ ನೋಡಿ) ಅಳೆಯದೆ ಯಾವ ಕಾಲಿಗೂ ಒತ್ತಡದ ಬ್ಯಾಂಡೇಜ್ ಹಾಕಬೇಡಿ.

2. ಚಪ್ಪಲಿ, ಸಾಕ್ಸ್ ಬಿಚ್ಚಿಸಿ ನೋಡಿ

ಎರಡೂ ಕಾಲನ್ನು ಮೊಣಕಾಲಿನವರೆಗೆ ತೆರೆದು ಅಕ್ಕಪಕ್ಕ ಇಟ್ಟು ಹೋಲಿಸಿ. ಬೆರಳ ಸಂದುಗಳನ್ನು ಬಿಡಿಸಿ ನೋಡಿ, ಹಿಮ್ಮಡಿ ಎತ್ತಿ ನೋಡಿ. ಒಂದು ಕಾಲು ತಣ್ಣಗಿರುವುದು, ಕೂದಲು ಉದುರಿ ಚರ್ಮ ಹೊಳೆಯುವುದು, ಉಗುರು ದಪ್ಪಗಾಗಿರುವುದು, ಬೆರಳ ತುದಿಯಲ್ಲಿ ಕಪ್ಪು ಚುಕ್ಕೆ ಅಥವಾ ಒಣಗಿದ ಹುಣ್ಣು, ಇವನ್ನು ಬರೆದುಕೊಳ್ಳಿ. ಹಿಮ್ಮಡಿ ಒಡೆದಿರುವ ರೈತರಲ್ಲಿ ಬಿರುಕಿನ ಆಳದಲ್ಲಿ ಹುಣ್ಣು ಅಡಗಿರುತ್ತದೆ. ಮಧುಮೇಹವಿದ್ದು ಸ್ಪರ್ಶ ಹೋಗಿದ್ದರೆ ನೋವೇ ಇರುವುದಿಲ್ಲ. ನೋವಿಲ್ಲ ಎಂಬ ಕಾರಣಕ್ಕೆ ರಕ್ತಸಂಚಾರ ಸರಿಯಿದೆ ಎಂದು ತೀರ್ಮಾನಿಸಬೇಡಿ. ಕಾಲು ತಣ್ಣಗಿದೆ ಎಂದು ಮನೆಯಲ್ಲಿ ಬಿಸಿನೀರಿನ ಶಾಖ ಕೊಡುತ್ತಿರುತ್ತಾರೆ. ಮೊದಲ ಭೇಟಿಯಲ್ಲೇ ಅದನ್ನು ನಿಲ್ಲಿಸಿ. ರಕ್ತ ಕಡಿಮೆಯಿರುವ ಚರ್ಮ ಬೇಗ ಸುಡುತ್ತದೆ, ಸುಟ್ಟದ್ದು ಮಾಯುವುದಿಲ್ಲ.

3. ನಾಲ್ಕು ಕಡೆ ನಾಡಿ ಮುಟ್ಟಿ

ತೊಡೆಸಂದಿನ ನಾಡಿ ಸೊಂಟದ ಮುಂಭಾಗದ ಮೂಳೆಯ ತುದಿ ಮತ್ತು ಜನನಾಂಗದ ಮೇಲಿನ ಮೂಳೆಯ ನಡುವಿನ ಗೆರೆಯ ಮಧ್ಯದಲ್ಲಿದೆ. ಮೊಣಕಾಲ ಹಿಂದಿನದಕ್ಕೆ ಮಂಡಿಯನ್ನು ಸ್ವಲ್ಪ ಮಡಿಸಿ, ಎರಡೂ ಹೆಬ್ಬೆರಳು ಮುಂದೆ, ಉಳಿದ ಬೆರಳುಗಳು ಹಿಂದಿನ ಗುಳಿಯಲ್ಲಿ ಇರುವಂತೆ ಹಿಡಿದು ಆಳಕ್ಕೆ ಒತ್ತಿ. ಅಲ್ಲಿ ನಾಡಿ ಸುಲಭವಾಗಿ, ಅಗಲವಾಗಿ ಬಡಿಯುತ್ತಿದ್ದರೆ ಖುಷಿಪಡಬೇಡಿ, ನಾಳ ಉಬ್ಬಿರಬಹುದು.

ಪಾದದಲ್ಲಿ ಎರಡು. ಒಳಗಂಟಿನ ಹಿಂದೆ, ತುಸು ಕೆಳಗೆ ಸಿಗುವುದು ಪೋಸ್ಟೀರಿಯರ್ ಟಿಬಿಯಲ್. ಪಾದದ ಮೇಲ್ಭಾಗದಲ್ಲಿ, ಹೆಬ್ಬೆರಳನ್ನು ಮೇಲಕ್ಕೆತ್ತಿಸಿದಾಗ ಎದ್ದು ಕಾಣುವ ಸ್ನಾಯುರಜ್ಜುವಿನ ಹೊರಬದಿಯಲ್ಲಿ ಸಿಗುವುದು ಡಾರ್ಸಾಲಿಸ್ ಪೀಡಿಸ್. ಎರಡನೆಯದು ಆರೋಗ್ಯವಂತರಲ್ಲೂ ಕೆಲವರಿಗೆ ಹುಟ್ಟಿನಿಂದಲೇ ಸಿಗುವುದಿಲ್ಲ. ಮೊದಲನೆಯದು ಸಿಗದಿದ್ದರೆ ಅದಕ್ಕೆ ತೂಕ ಹೆಚ್ಚು.

ಇಲ್ಲಿ ಎಲ್ಲರೂ ಮಾಡುವ ತಪ್ಪೆಂದರೆ ಜೋರಾಗಿ ಒತ್ತಿ ತಮ್ಮದೇ ಬೆರಳಿನ ಬಡಿತವನ್ನು ರೋಗಿಯದೆಂದು ಎಣಿಸುವುದು. ಸಂಶಯ ಬಂದರೆ ಇನ್ನೊಂದು ಕೈಯಲ್ಲಿ ರೋಗಿಯ ಮಣಿಕಟ್ಟಿನ ನಾಡಿ ಹಿಡಿಯಿರಿ. ಎರಡೂ ತಾಳ ಕೂಡಿದರೆ ಅದು ರೋಗಿಯದು.

ಜೊತೆಗೆ ಒಂದು ಸರಳ ಪರೀಕ್ಷೆ. ಮಲಗಿಸಿ ಎರಡೂ ಕಾಲನ್ನು 45 ಡಿಗ್ರಿ ಎತ್ತಿ ಒಂದೆರಡು ನಿಮಿಷ ಹಿಡಿಯಿರಿ. ಅಂಗಾಲು ಬಿಳಿಚಿಕೊಂಡು, ಕೂರಿಸಿ ಇಳಿಬಿಟ್ಟಾಗ ನಿಧಾನವಾಗಿ ಕಡುಗೆಂಪಾದರೆ ಅಪಧಮನಿಯ ಅಡಚಣೆ ಗಣನೀಯವಾಗಿದೆ. 20 ಡಿಗ್ರಿಗೇ ಬಿಳಿಚಿದರೆ ತೀವ್ರ. ಕಪ್ಪು ಚರ್ಮದವರಲ್ಲಿ ಬಣ್ಣವನ್ನು ಅಂಗಾಲಿನಲ್ಲಷ್ಟೇ ನೋಡಿ.

4. ಎಬಿಐ ಅಳೆಯಿರಿ

ಎಬಿಐ ಎಂದರೆ ಆಂಕಲ್ ಬ್ರೇಕಿಯಲ್ ಇಂಡೆಕ್ಸ್, ಪಾದದ ಗಂಟಿನ ರಕ್ತದೊತ್ತಡವನ್ನು ತೋಳಿನ ರಕ್ತದೊತ್ತಡದಿಂದ ಭಾಗಿಸಿದರೆ ಸಿಗುವ ಸಂಖ್ಯೆ. ಸರಿಯಾಗಿ ಮಾಡಿದರೆ ಕಾಲು ಗಂಟೆ ಹಿಡಿಯುತ್ತದೆ. ಈ ಲೇಖನದಲ್ಲಿ ಒಂದನ್ನಷ್ಟೇ ಕಲಿಯುವುದಾದರೆ ಇದನ್ನು ಕಲಿಯಿರಿ.

ಪರೀಕ್ಷೆಗೆ ಎರಡು ಗಂಟೆ ಮೊದಲು ಬೀಡಿ, ಸಿಗರೇಟು ಇರಬಾರದು. ಫ್ಯಾನ್ ನಿಲ್ಲಿಸಿ, ಅಂಗಾತ ಮಲಗಿಸಿ, 5ರಿಂದ 10 ನಿಮಿಷ ಬಿಡಿ. ಕಾಲ ಮೇಲೆ ಕಾಲು ಹಾಕಿರಬಾರದು. ದಮ್ಮು ಇರುವವರು ಅಂಗಾತ ಮಲಗಲಾರರು. ತಲೆಯ ಕಡೆ ಎಷ್ಟು ಬೇಕೋ ಅಷ್ಟೇ ಎತ್ತಿ, ಹಾಗೆ ಎತ್ತಿದ್ದನ್ನು ಬರೆದಿಡಿ. ಪಾದ ಹೃದಯಕ್ಕಿಂತ 10 ಸೆಂ.ಮೀ. ಕೆಳಗಿದ್ದರೆ ಗಂಟಿನ ಒತ್ತಡ ಸುಮಾರು 8 ಎಂಎಂ (ಪಾದರಸದ ಮಿಲಿಮೀಟರ್) ಹೆಚ್ಚು ತೋರಿಸುತ್ತದೆ. ಕೂರಿಸಿ ಅಳೆದರೆ ಕಾಯಿಲೆಯ ಕಾಲೂ ಸರಿಯಿರುವಂತೆ ಕಾಣುವುದು ಇದರಿಂದಲೇ.

ಪಟ್ಟಿಯ ಕೆಳಅಂಚು ಒಳಗಂಟಿನಿಂದ 2 ಸೆಂ.ಮೀ. ಮೇಲಿರಲಿ. ಹುಣ್ಣಿದ್ದರೆ ಮೊದಲು ಪ್ಲಾಸ್ಟಿಕ್ ಹಾಳೆ ಸುತ್ತಿ. ಒಂದೇ ಕಾಲು ಊದಿ ಮೀನಖಂಡ ಮುಟ್ಟಿದರೆ ನೋಯುತ್ತಿದ್ದರೆ, ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಆ ಕಾಲಿಗೆ ಪಟ್ಟಿ ಕಟ್ಟಿ ಗಾಳಿ ಹಾಕಬೇಡಿ. ಬೈಪಾಸ್ ನಾಳ ಹಾಕಿರುವ ಜಾಗದ ಮೇಲೂ ಬೇಡ.

ಜೆಲ್ ಧಾರಾಳವಾಗಿ ಹಾಕಿ. ಡಾಪ್ಲರ್ ಪೆನ್ನನ್ನು ಚರ್ಮಕ್ಕೆ 45ರಿಂದ 60 ಡಿಗ್ರಿ ಓರೆಯಾಗಿ, ತುದಿ ಮೊಣಕಾಲಿನ ಕಡೆ ನೋಡುವಂತೆ, ತೂಕ ಬಿಡದೆ ಹಿಡಿಯಿರಿ. ಒತ್ತಿದರೆ ನಾಳವೇ ಮುಚ್ಚಿಹೋಗುತ್ತದೆ. ಸದ್ದು ಸ್ಪಷ್ಟವಾದ ಜಾಗ ಸಿಕ್ಕಮೇಲೆ ಪೆನ್ನು ಕದಲಿಸಬೇಡಿ. ಸದ್ದು ನಿಲ್ಲುವವರೆಗೆ ಗಾಳಿ ತುಂಬಿ, ಮತ್ತೆ 20 ಎಂಎಂ ಮೇಲೇರಿಸಿ, ಸೆಕೆಂಡಿಗೆ 2–3 ಎಂಎಂನಂತೆ ಇಳಿಸಿ. ಸದ್ದು ಮರಳಿದ ಕ್ಷಣದ ಅಂಕಿಯೇ ನಿಮಗೆ ಬೇಕಾದ ಸಿಸ್ಟಾಲಿಕ್ ಒತ್ತಡ, ಅಂದರೆ ಬಿಪಿಯ ಮೇಲಿನ ಅಂಕಿ.

ಅನುಕ್ರಮ ಹೀಗಿರಲಿ: ಬಲತೋಳು, ಬಲಗಾಲಿನ ಎರಡು ನಾಡಿ, ಎಡಗಾಲಿನ ಎರಡು ನಾಡಿ, ಎಡತೋಳು. ತೋಳಿನಲ್ಲೂ ಡಾಪ್ಲರನ್ನೇ ಬಳಸಿ. ಮೊದಲು ಅಳೆದ ತೋಳು ಕೊನೆಯದಕ್ಕಿಂತ 10 ಎಂಎಂಗಿಂತ ಹೆಚ್ಚಿದ್ದರೆ ಅದು ಗಾಬರಿಯ ಬಿಪಿ ಇರಬಹುದು. ಆ ತೋಳನ್ನು ಮತ್ತೆ ಅಳೆದು ಮೊದಲಿನದನ್ನು ಕೈಬಿಡಿ.

ಒಂದು ಲೆಕ್ಕ ಮಾಡಿ ನೋಡೋಣ. ಬಲತೋಳು 132, ಎಡತೋಳು 146. ಬಲಗಾಲಿನ ಎರಡು ನಾಡಿ 122 ಮತ್ತು 130; ಎಡಗಾಲಿನವು 84 ಮತ್ತು 76. ಎರಡು ತೋಳುಗಳಲ್ಲಿ ಹೆಚ್ಚಿನದು 146, ಅದೇ ಎರಡೂ ಕಾಲಿಗೆ ಭಾಜಕ. ಪ್ರತಿ ಕಾಲಿನಲ್ಲಿ ಹೆಚ್ಚಿನ ಅಂಕಿ ತೆಗೆದುಕೊಳ್ಳಿ. ಬಲಗಾಲು 130 ಭಾಗ 146, ಅಂದರೆ 0.89. ಎಡಗಾಲು 84 ಭಾಗ 146, ಅಂದರೆ 0.58. ಎಡತೋಳು ಅಳೆಯುವ ಗೋಜಿಗೆ ಹೋಗದೆ 132ರಿಂದ ಭಾಗಿಸಿದ್ದರೆ ಬಲಗಾಲು 0.98 ಬರುತ್ತಿತ್ತು, ಕಾಯಿಲೆಯ ಕಾಲು ಕೈತಪ್ಪುತ್ತಿತ್ತು. ಎರಡು ತೋಳುಗಳ ನಡುವೆ 15 ಎಂಎಂ ಅಥವಾ ಹೆಚ್ಚು ಅಂತರ ಪ್ರತಿ ಸಲವೂ ಕಂಡರೆ ತೋಳಿಗೆ ಹೋಗುವ ಧಮನಿಯೇ ಕಿರಿದಾಗಿರಬಹುದು.

ಗಂಟಿಗೆ ಸ್ಟೆತಸ್ಕೋಪ್ ಇಟ್ಟರೆ ಸದ್ದು ನಂಬುವಂತೆ ಕೇಳಿಸದು. ಡಿಜಿಟಲ್ ಯಂತ್ರ ಕಡಿಮೆ ಒತ್ತಡದಲ್ಲಿ ಎರರ್ ತೋರಿಸುತ್ತದೆ, ಇಲ್ಲವೇ ಇಲ್ಲದ ಅಂಕಿ ಕೊಡುತ್ತದೆ. ಎರರ್ ಬಂದ ಕಾಲೇ ಕೆಟ್ಟ ಕಾಲಾಗಿರುವ ಸಾಧ್ಯತೆ ಹೆಚ್ಚು.

5. ಅಂಕಿ ಓದುವುದು

1.00ರಿಂದ 1.40 ಸಹಜ. 0.91ರಿಂದ 0.99 ಗಡಿರೇಖೆ. 0.90 ಅಥವಾ ಕಡಿಮೆ ಇದ್ದರೆ ಅಪಧಮನಿ ಕಾಯಿಲೆ ಇದೆ. 0.5ಕ್ಕಿಂತ ಕಡಿಮೆಯಾದರೆ ತೀವ್ರ. ಗಂಟಿನ ಒತ್ತಡವೇ 50 ಎಂಎಂಗಿಂತ ಕೆಳಗಿದ್ದು ಹುಣ್ಣೋ ವಿಶ್ರಾಂತಿಯ ನೋವೋ ಇದ್ದರೆ ಕಾಲು ಉಳಿಯುವ ಪ್ರಶ್ನೆ, ವಾರ ಕಾಯಬೇಡಿ.

1.40ಕ್ಕಿಂತ ಹೆಚ್ಚು ಬಂದರೆ? ಹೊಸಬರು ಇದನ್ನು "ತುಂಬಾ ಚೆನ್ನಾಗಿದೆ" ಎಂದು ಓದುವುದುಂಟು. ಬಹುಕಾಲದ ಮಧುಮೇಹ, ಮೂತ್ರಪಿಂಡದ ಕಾಯಿಲೆ ಇರುವವರ ಧಮನಿಯ ಗೋಡೆಗೆ ಸುಣ್ಣದಂಶ ಕೂತು ಗಟ್ಟಿಯಾಗಿರುತ್ತದೆ. ಪಟ್ಟಿ ಎಷ್ಟು ಒತ್ತಿದರೂ ನಾಳ ಮುಚ್ಚುವುದಿಲ್ಲ, ಅಂಕಿ ಏರುತ್ತ ಹೋಗುತ್ತದೆ. ಒಳಗೆ ಅಡಚಣೆ ಇದ್ದೇ ಇರಬಹುದು. ಇಂಥವರಲ್ಲಿ ಸುಳ್ಳಾಗಿ 1.1 ಬರುವುದೂ ಇದೆ. ಆದ್ದರಿಂದ ಡಾಪ್ಲರ್ ಸದ್ದಿಗೇ ಕಿವಿಗೊಡಿ. ಆರೋಗ್ಯದ ನಾಳದಲ್ಲಿ ಪ್ರತಿ ಬಡಿತಕ್ಕೂ ಎರಡು ಮೂರು ತುಂಡಾದ ಚುರುಕು ಸದ್ದು. ಕೆಟ್ಟ ನಾಳದಲ್ಲಿ ಒಂದೇ ಎಳೆದ "ಹೂಶ್". ಅಂಕಿ ಸಹಜ, ಸದ್ದು "ಹೂಶ್" ಆದರೆ ಸದ್ದನ್ನೇ ನಂಬಿ, ಹೆಬ್ಬೆರಳಿನ ಒತ್ತಡ ಅಳೆಯುವ ಕಡೆಗೆ ಕಳಿಸಿ. ಹೆಬ್ಬೆರಳಿನ ಸೂಚ್ಯಂಕದಲ್ಲಿ 0.70ಕ್ಕಿಂತ ಕಡಿಮೆ ಅಸಹಜ.

ಕತೆ ಪೂರ್ತಿ ಕ್ಲಾಡಿಕೇಶನ್‌ನದು, ಎಬಿಐ ಮಾತ್ರ 0.95 ಎಂದಾಗ ಗೋಡೆ ಹಿಡಿಸಿ ಹಿಮ್ಮಡಿ ಎತ್ತಿ ಇಳಿಸುವುದನ್ನು 50 ಸಲ, ಇಲ್ಲವೇ ನೋವು ಬರುವವರೆಗೆ ಮಾಡಿಸಿ ತಕ್ಷಣ ಮಲಗಿಸಿ ಮತ್ತೆ ಅಳೆಯಿರಿ. ಗಂಟಿನ ಒತ್ತಡ 30 ಎಂಎಂಗಿಂತ ಹೆಚ್ಚು ಇಳಿದರೆ, ಅಥವಾ ಎಬಿಐ ಶೇ. 20ಕ್ಕಿಂತ ಹೆಚ್ಚು ಕುಸಿದರೆ ಕಾಯಿಲೆ ಇದೆ. ಎದೆನೋವು ಇರುವವರಲ್ಲಿ ಇದನ್ನು ಮಾಡಿಸಬೇಡಿ.

ಸ್ಕ್ಯಾನ್ ಯಾರಿಗೆ? ಚಿಕಿತ್ಸೆಯಾಗಿ ನಾಳ ತೆರೆಯುವ ಮಾತು ಬಂದಾಗ, ಅಥವಾ ಎಬಿಐ ನಂಬಲಾಗದಾಗ. ಎಬಿಐ 0.75 ಇದ್ದು ಎಂಟು ಕಂಬ ನಡೆಯಬಲ್ಲವರಿಗೆ ಮೊದಲು ಬೇಕಿರುವುದು ತಂಬಾಕು ಬಿಡುವುದು, ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ ಅಥವಾ ಕ್ಲೋಪಿಡೋಗ್ರೆಲ್, ಸಕ್ಕರೆ ಮತ್ತು ಬಿಪಿ ಹತೋಟಿ, ವಾರಕ್ಕೆ ಮೂರು ದಿನವಾದರೂ ನೋವು ಬರುವವರೆಗೆ ನಡೆದು, ನಿಂತು, ಮತ್ತೆ ನಡೆಯುವ ಅಭ್ಯಾಸ. ಇವರ ಹೃದಯದ ಧಮನಿಗಳೂ ಇದೇ ಸ್ಥಿತಿಯಲ್ಲಿರುವ ಸಂಭವ ಹೆಚ್ಚೆಂದು ಭಾವಿಸಿಯೇ ಮುಂದುವರಿಯಿರಿ.

6. ಈ ಕಾಲನ್ನು ಇವತ್ತೇ ಕಳಿಸಿ

ದಿಢೀರನೆ ನೋವು, ಕಾಲು ಬಿಳಿಚಿ ತಣ್ಣಗಾಗುವುದು, ನಾಡಿ ಇಲ್ಲದಿರುವುದು, ಜೋಮು, ಬೆರಳು ಆಡಿಸಲಾಗದಿರುವುದು: ಧಮನಿ ಏಕಾಏಕಿ ಮುಚ್ಚಿದೆ. ಸ್ನಾಯು ಉಳಿಯಲು ಸುಮಾರು ಆರು ಗಂಟೆ ಸಮಯವಿದೆ, ಅದರಲ್ಲಿ ಪ್ರಯಾಣವೂ ಸೇರಿದೆ. ಮಣಿಕಟ್ಟಿನ ನಾಡಿ ತಾಳ ತಪ್ಪಿದೆಯೇ ನೋಡಿ. ಏಟ್ರಿಯಲ್ ಫಿಬ್ರಿಲೇಶನ್, ಅಂದರೆ ಹೃದಯದ ಬಡಿತ ತಾಳ ತಪ್ಪುವ ಕಾಯಿಲೆ ಇರುವವರಲ್ಲಿ ಹೃದಯದಿಂದ ಹೆಪ್ಪು ಬಂದು ಸಿಕ್ಕಿಕೊಂಡಿರುತ್ತದೆ. ರಕ್ತನಾಳದ ಸರ್ಜನ್ ಇರುವ ಆಸ್ಪತ್ರೆಗೆ ಫೋನ್ ಮಾಡಿ, ಅವರು ಹೇಳಿದರೆ ಹೆಪ್ಪು ಬೆಳೆಯದಂತೆ ತಡೆಯುವ ಹೆಪಾರಿನ್ ಕೊಟ್ಟು, 108ರಲ್ಲಿ ನೇರ ಅಲ್ಲಿಗೇ ಕಳಿಸಿ. ಸರ್ಜನ್ ಇಲ್ಲದ ಆಸ್ಪತ್ರೆಗೆ ಒಮ್ಮೆ ಕಳಿಸಿ, ಅಲ್ಲಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಕಾಲು ಹೋಗಿರುತ್ತದೆ. ಆ ಫೋನ್ ನಂಬರ್ ಇವತ್ತೇ ಹುಡುಕಿ ಗೋಡೆಗೆ ಅಂಟಿಸಿ.

ಭಾಗ ಎರಡು: ಕೆಮ್ಮು, ಜ್ವರ, ಉಸಿರಾಟದ ಸೋಂಕು

7. ಮಾತಾಡಿಸುವ ಮೊದಲೇ ಉಸಿರು ಎಣಿಸಿ

ನಾಡಿ ನೋಡುವವರಂತೆ ಮಣಿಕಟ್ಟು ಹಿಡಿದು, ಎದೆಯ ಏರಿಳಿತ ಎಣಿಸಿ. ಪೂರ್ತಿ 60 ಸೆಕೆಂಡ್. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಒಂದೇ ಒಂದು ಉಸಿರಿನ ತಪ್ಪು ನಾಲ್ಕಾಗುತ್ತದೆ. ಎಣಿಸುತ್ತಿದ್ದೀರಿ ಎಂದು ಗೊತ್ತಾದರೆ ಉಸಿರಾಟವೇ ಬದಲಾಗುತ್ತದೆ.

ವಯಸ್ಕರಲ್ಲಿ ಉಸಿರು 24ಕ್ಕಿಂತ ಕಡಿಮೆ, ನಾಡಿ 100ಕ್ಕಿಂತ ಕಡಿಮೆ, ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿಲ್ಲ, ಎದೆಯಲ್ಲಿ ಒಂದೇ ಕಡೆಯ ಅಸಹಜ ಸದ್ದಿಲ್ಲ. ಈ ನಾಲ್ಕೂ ಸೇರಿದರೆ ನ್ಯುಮೋನಿಯಾ ಸಂಭವ ತೀರ ಕಡಿಮೆ, ಎಕ್ಸ್‌ರೇ ಬೇಕಿಲ್ಲ. ವಯಸ್ಸಾದವರಿಗೆ ಈ ಸೂತ್ರ ಪೂರ್ತಿ ಹೊಂದದು. ಅವರಲ್ಲಿ ಜ್ವರವೇ ಬರದೆ, ಊಟ ಬಿಟ್ಟಿದ್ದು, ಮಂಕಾಗಿದ್ದು, ಬಚ್ಚಲಲ್ಲಿ ಬಿದ್ದದ್ದು ನ್ಯುಮೋನಿಯಾದ ಮೊದಲ ಸುದ್ದಿಯಾಗಿರುತ್ತದೆ.

ಮಕ್ಕಳಲ್ಲಿ ಅಮ್ಮನ ತೊಡೆಯ ಮೇಲೆ, ಅಳದೆ, ಹಾಲು ಕುಡಿಯದೆ ಇರುವಾಗ ಎಣಿಸಿ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿಗಳು: 2 ತಿಂಗಳೊಳಗೆ 60 ಅಥವಾ ಹೆಚ್ಚು, 2ರಿಂದ 12 ತಿಂಗಳೊಳಗೆ 50 ಅಥವಾ ಹೆಚ್ಚು, 1ರಿಂದ 5 ವರ್ಷದೊಳಗೆ 40 ಅಥವಾ ಹೆಚ್ಚು ಇದ್ದರೆ ವೇಗದ ಉಸಿರು. ಅಂಗಿ ಎತ್ತಿ ನೋಡಿ. ಉಸಿರು ಎಳೆದಾಗ ಎದೆಯ ಕೆಳಭಾಗ, ಪಕ್ಕೆಯ ಅಂಚು ಒಳಕ್ಕೆ ಸೇದುತ್ತಿದೆಯೇ? ಹಾಲು, ನೀರು ಕುಡಿಯಲಾಗದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಫಿಟ್ಸ್ ಬಂದಿದ್ದರೆ, ಎಬ್ಬಿಸಿದರೂ ಏಳದಿದ್ದರೆ, ಸುಮ್ಮನಿದ್ದಾಗಲೂ ಗಂಟಲಲ್ಲಿ ಗೊರ್ ಎನ್ನುವ ಸದ್ದಿದ್ದರೆ ತಡಮಾಡದೆ ಕಳಿಸಿ. ಎರಡು ತಿಂಗಳೊಳಗಿನ ಮಗುವಾದರೆ ವೇಗದ ಉಸಿರೊಂದೇ ಸಾಕು.

8. ಆಕ್ಸಿಮೀಟರ್, ಆಮೇಲೆ ಸ್ಟೆತಸ್ಕೋಪ್

ಮೆಹಂದಿ, ನೇಲ್ ಪಾಲಿಶ್ ಇಲ್ಲದ, ಬೆಚ್ಚಗಿನ ಬೆರಳಿಗೆ ಹಾಕಿ. ಅಂಕಿ ಸ್ಥಿರವಾಗಲು ಒಂದು ನಿಮಿಷ ಕೊಡಿ. ಯಂತ್ರ ತೋರಿಸುವ ನಾಡಿಯ ಸಂಖ್ಯೆ ನೀವು ಎಣಿಸಿದ್ದಕ್ಕೆ ಹೊಂದದಿದ್ದರೆ ಆಮ್ಲಜನಕದ ಸಂಖ್ಯೆಯನ್ನೂ ನಂಬಬೇಡಿ. ಕಪ್ಪು ಚರ್ಮದಲ್ಲಿ ಯಂತ್ರ ಸ್ವಲ್ಪ ಹೆಚ್ಚೇ ತೋರಿಸಬಹುದು. 94ಕ್ಕಿಂತ ಕಡಿಮೆ ಎಚ್ಚರಿಕೆ, 92ಕ್ಕಿಂತ ಕಡಿಮೆ ಆಸ್ಪತ್ರೆ. ಸಿಒಪಿಡಿ, ಅಂದರೆ ಹೊಗೆಯಿಂದ ಶ್ವಾಸನಾಳ ಕಾಯಂ ಕಿರಿದಾಗಿರುವವರು, ಎಂದಿನಂತೆ ಇರುವಾಗಲೇ 90–91 ಇರಬಹುದು. ಹಳೆಯ ಚೀಟಿ ನೋಡಿ. ಅವರಿಗೆ ಆಮ್ಲಜನಕ ಕೊಡುವಾಗ ಗುರಿ 88ರಿಂದ 92, ಅದಕ್ಕಿಂತ ಮೇಲೇರಿಸುವುದು ಅಪಾಯ.

ಸ್ಟೆತಸ್ಕೋಪನ್ನು ಅಂಗಿ, ಸೀರೆಯ ಮೇಲೆ ಇಟ್ಟರೆ ಬಟ್ಟೆಯ ಸದ್ದೇ ಕೇಳುತ್ತದೆ. ಬೆನ್ನಿನ ಕೆಳಭಾಗ ಎಲ್ಲರೂ ಕೇಳುತ್ತಾರೆ. ಬಲ ಶ್ವಾಸಕೋಶದ ಮಧ್ಯದ ಹಾಲೆ ಕೇಳುವುದು ಮುಂದೆ, ಬಲಸ್ತನದ ಕೆಳಗೆ ಮತ್ತು ಕಂಕುಳಲ್ಲಿ. ಹೆಂಗಸರಲ್ಲಿ ಸಂಕೋಚಕ್ಕೆ ಅದನ್ನು ಬಿಟ್ಟುಬಿಡುತ್ತಾರೆ, ಅಲ್ಲಿನ ನ್ಯುಮೋನಿಯಾ ತಪ್ಪಿಹೋಗುತ್ತದೆ. ನರ್ಸ್ ಜೊತೆಗಿರಲಿ, ಹೇಳಿ ಕೇಳಿ ಪರೀಕ್ಷಿಸಿ. ಕ್ರೆಪಿಟೇಶನ್ ಎನ್ನುವ ಚಿಟಿಚಿಟಿ ಸದ್ದು ಕಿವಿಯ ಬಳಿ ಕೂದಲು ಉಜ್ಜಿದಂತಿರುತ್ತದೆ. ಕೇಳಿದ ಮೇಲೆ ಒಮ್ಮೆ ಜೋರಾಗಿ ಕೆಮ್ಮಿಸಿ ಮತ್ತೆ ಕೇಳಿ. ಹೋದರೆ ಅದು ಕಫ. ಅದೇ ಜಾಗದಲ್ಲಿ ಉಳಿದರೆ ನ್ಯುಮೋನಿಯಾ ಕಡೆಗೆ ವಾಲಿ. ಎರಡೂ ಬದಿಯ ತಳದಲ್ಲಿ ಸಮನಾಗಿ ಇದ್ದು, ಮಲಗಿದರೆ ದಮ್ಮು ಬರುತ್ತದೆ ಎಂದರೆ ಹೃದಯ ಸೋತಿರಬಹುದು.

9. ನ್ಯುಮೋನಿಯಾ ಎನಿಸಿದರೆ ಎಲ್ಲಿ ಚಿಕಿತ್ಸೆ?

ಸಿಆರ್‌ಬಿ–65 ಎಂಬ ಲೆಕ್ಕಕ್ಕೆ ಯಾವ ಲ್ಯಾಬೂ ಬೇಡ. ಗೊಂದಲ, ಉಸಿರು 30 ಅಥವಾ ಹೆಚ್ಚು, ಬಿಪಿಯ ಮೇಲಿನ ಅಂಕಿ 90ಕ್ಕಿಂತ ಕಡಿಮೆ ಇಲ್ಲವೇ ಕೆಳಗಿನದು 60 ಅಥವಾ ಕಡಿಮೆ, ವಯಸ್ಸು 65 ಅಥವಾ ಹೆಚ್ಚು. ಪ್ರತಿಯೊಂದಕ್ಕೂ ಒಂದು ಅಂಕ. ಸೊನ್ನೆಯಾದರೆ ಮನೆಯಲ್ಲೇ ಚಿಕಿತ್ಸೆ, 1–2 ಆದರೆ ಆಸ್ಪತ್ರೆಯ ಯೋಚನೆ, 3–4 ಆದರೆ ಆಂಬ್ಯುಲೆನ್ಸ್. ಗೊಂದಲ ತಿಳಿಯಲು ತಾರೀಖು ಕೇಳಬೇಡಿ, ಆರೋಗ್ಯವಾಗಿದ್ದಾಗಲೂ ತಾರೀಖು ಇಟ್ಟುಕೊಳ್ಳದವರಿದ್ದಾರೆ. ಊರ ಸಂತೆ ಯಾವ ವಾರ, ಜೊತೆಗೆ ಬಂದವರು ಯಾರು ಎಂದು ಕೇಳಿ. ಅಂಕ ಸೊನ್ನೆ ಇದ್ದರೂ ಆಕ್ಸಿಮೀಟರ್ 92ಕ್ಕಿಂತ ಕೆಳಗಿದ್ದರೆ, ಮನೆಯಲ್ಲಿ ನೋಡಿಕೊಳ್ಳುವವರಿಲ್ಲದಿದ್ದರೆ ದಾಖಲಿಸಿ.

10. ಆಂಟಿಬಯಾಟಿಕ್ ಬೇಕೆ?

ಕಫ ಹಳದಿ, ಹಸಿರು ಆಯಿತೆಂಬುದು ಕಾರಣವಲ್ಲ. ಆ ಬಣ್ಣ ಬಿಳಿ ರಕ್ತಕಣಗಳ ಕಿಣ್ವದ್ದು, ವೈರಸ್ ಸೋಂಕಿನಲ್ಲೂ ಬರುತ್ತದೆ. ಸಿಒಪಿಡಿ ಇರುವವರು ಮಾತ್ರ ಇದಕ್ಕೆ ಹೊರತು: ದಮ್ಮು ಹೆಚ್ಚಿ, ಕಫದ ಪ್ರಮಾಣ ಹೆಚ್ಚಿ, ಬಣ್ಣವೂ ಬದಲಾದರೆ ಅಲ್ಲಿ ಆಂಟಿಬಯಾಟಿಕ್‌ಗೆ ಅರ್ಥವಿದೆ.

ರೋಗಿಗೆ ಮೊದಲೇ ಅವಧಿ ಹೇಳಿಬಿಡಿ. ಗಂಟಲುನೋವು ಒಂದು ವಾರ, ನೆಗಡಿ ಹತ್ತು ದಿನ, ಸೈನಸ್ ಎರಡೂವರೆ ವಾರ, ಕೆಮ್ಮು ಮೂರು ವಾರದವರೆಗೂ ತಾನಾಗಿಯೇ ಇದ್ದು ಹೋಗುತ್ತದೆ. ಇದನ್ನು ಹೇಳದಿದ್ದರೆ ಐದನೇ ದಿನ ಬೇರೆ ಕ್ಲಿನಿಕ್ಕಿಗೆ ಹೋಗಿ ಬೇರೆ ಆಂಟಿಬಯಾಟಿಕ್ ತಿನ್ನುತ್ತಾರೆ.

ಗಂಟಲುನೋವಿನಲ್ಲಿ ನಾಲ್ಕು ನೋಡಿ: ಟಾನ್ಸಿಲ್ ಮೇಲೆ ಬಿಳಿಪೊರೆ, ಕತ್ತಿನ ಮುಂಭಾಗದಲ್ಲಿ ನೋಯುವ ಗಡ್ಡೆ, ಜ್ವರ, ಕೆಮ್ಮು ಇಲ್ಲದಿರುವುದು. ಸೊನ್ನೆ ಅಥವಾ ಒಂದಿದ್ದರೆ ಉಪ್ಪುನೀರು, ಪ್ಯಾರಾಸಿಟಮಾಲ್ ಸಾಕು.

ಎದೆಯ ಸೋಂಕೋ ಅಲ್ಲವೋ ಎಂದು ತೀರ್ಮಾನಿಸಲಾಗದಾಗ ಸಿಆರ್‌ಪಿ ನೆರವಿಗೆ ಬರುತ್ತದೆ. ಇದು ಉರಿಯೂತವಾದಾಗ ಯಕೃತ್ತು ಬಿಡುವ ಪ್ರೋಟೀನ್. ಲೀಟರಿಗೆ 20 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಆಂಟಿಬಯಾಟಿಕ್ ಬೇಡ. 20–100 ಇದ್ದರೆ ಎರಡು ದಿನ ಕಾದು ಹೆಚ್ಚಾದರೆ ತಗೊಳ್ಳಿ ಎಂದು ಚೀಟಿ ಕೊಡಬಹುದು. 100ಕ್ಕಿಂತ ಹೆಚ್ಚಿದ್ದರೆ ಕೊಡಿ. ಎರಡು ಬಲೆಗಳಿವೆ. ಹಲವು ಲ್ಯಾಬ್‌ಗಳು ಡೆಸಿಲೀಟರಿನಲ್ಲಿ ಬರೆಯುತ್ತವೆ, ಡೆಸಿಲೀಟರಿಗೆ 4.8 ಎಂದರೆ ಲೀಟರಿಗೆ 48. ಇನ್ನು ಬರೀ "ಸಿಆರ್‌ಪಿ ಪಾಸಿಟಿವ್" ಎಂದು ಬರುವ ಸ್ಲೈಡ್ ಪರೀಕ್ಷೆ ಲೀಟರಿಗೆ ಸುಮಾರು 6 ಮಿಲಿಗ್ರಾಂಗೇ ಪಾಸಿಟಿವ್ ಆಗುತ್ತದೆ, ಸಾದಾ ನೆಗಡಿಯಲ್ಲೂ ಆಗುತ್ತದೆ. ಅದರ ಮೇಲೆ ನಿರ್ಧಾರ ಬೇಡ. ಜ್ವರ ಶುರುವಾದ ಮೊದಲ ಕೆಲವು ಗಂಟೆಗಳಲ್ಲಿ ಅಂಕಿ ಏರಿಯೇ ಇರುವುದಿಲ್ಲ ಎಂಬುದೂ ನೆನಪಿರಲಿ.

11. ಎರಡು ವಾರ ದಾಟಿದರೆ ಕಫ ಪರೀಕ್ಷೆ

ಎರಡು ವಾರದ ಕೆಮ್ಮು, ಸಂಜೆ ಜ್ವರ, ತೂಕ ಇಳಿಕೆ, ಕಫದಲ್ಲಿ ರಕ್ತ, ಇವುಗಳಲ್ಲಿ ಒಂದಿದ್ದರೂ ಕ್ಷಯದ ಪರೀಕ್ಷೆ ಮಾಡಿಸಿ. ಮನೆಯಲ್ಲಿ ಕ್ಷಯವಿದ್ದರೆ, ಎಚ್‌ಐವಿ ಇದ್ದರೆ ಎರಡು ವಾರ ಕಾಯುವುದೂ ಬೇಡ. ಒಂದು ಮಾದರಿ ಅಲ್ಲೇ, ಇನ್ನೊಂದು ಮರುದಿನ ಬೆಳಗ್ಗೆ ಎದ್ದಕೂಡಲೇ. ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಬಯಲಿನಲ್ಲಿ ನಿಂತು, ಎರಡು ಮೂರು ಸಲ ಆಳವಾಗಿ ಉಸಿರೆಳೆದು ಎದೆಯಿಂದ ಕೆಮ್ಮಿ ತೆಗೆದ ಕಫ ಬೇಕು, 2ರಿಂದ 5 ಮಿ.ಲೀ. ಡಬ್ಬಿಯಲ್ಲಿ ತೆಳ್ಳನೆ ಎಂಜಲು ಕಂಡರೆ ಮತ್ತೆ ಕೊಡಿಸಿ. ಎಂಜಲಿನಲ್ಲಿ ನೆಗೆಟಿವ್ ಬಂದದ್ದಕ್ಕೆ ಅರ್ಥವಿಲ್ಲ. ರೋಗಾಣುವಿನ ಜೀನ್ ಹುಡುಕುವ ಸಿಬಿನಾಟ್ ಅಥವಾ ಟ್ರೂನಾಟ್‌ನಲ್ಲಿ ಪರೀಕ್ಷಿಸಿದರೆ ಕ್ಷಯದ ಮುಖ್ಯ ಔಷಧವಾದ ರಿಫಾಂಪಿಸಿನ್‌ಗೆ ರೋಗಾಣು ಬಗ್ಗುತ್ತದೆಯೇ ಎಂಬುದೂ ತಿಳಿಯುತ್ತದೆ. ಬೆಂಗಳೂರಿನಲ್ಲಿ ಅಭಿವೃದ್ಧಿಯಾದ ಟ್ರೂನಾಟ್ ಬ್ಯಾಟರಿಯಲ್ಲೂ ನಡೆಯುವುದರಿಂದ ಕರೆಂಟು ಕೈಕೊಡುವ ಕಡೆಗೂ ಒಗ್ಗುತ್ತದೆ.

ಇಲ್ಲಿ ಒಂದು ನಿಷ್ಠುರ ಮಾತು. ಬಿಡದ ಕೆಮ್ಮಿಗೆ ಲಿವೊಫ್ಲಾಕ್ಸಸಿನ್ ಎಂಬ ಆಂಟಿಬಯಾಟಿಕ್ ಬರೆಯಬೇಡಿ. ಅದು ಕ್ಷಯದ ರೋಗಾಣುವನ್ನು ಅರೆಬರೆ ಅಡಗಿಸುತ್ತದೆ. ರೋಗಿಗೆ ವಾರ ಹಾಯೆನಿಸುತ್ತದೆ, ಪತ್ತೆ ತಡವಾಗುತ್ತದೆ, ಆ ಔಷಧಕ್ಕೆ ಬಗ್ಗದ ತಳಿ ಹುಟ್ಟುತ್ತದೆ. ಕ್ಷಯ ಖಚಿತವಾದರೆ ಖಾಸಗಿ ವೈದ್ಯರೂ ಸರ್ಕಾರಕ್ಕೆ ತಿಳಿಸುವುದು 2012ರಿಂದ ಕಡ್ಡಾಯ. ಸಕ್ಕರೆ ಮತ್ತು ಎಚ್‌ಐವಿ ಪರೀಕ್ಷೆಯನ್ನೂ ಜೊತೆಗೇ ಮಾಡಿಸಿ.

ಭಾಗ ಮೂರು: ಎರಡೂ ಒಬ್ಬರಲ್ಲೇ ಇದ್ದಾಗ

ದಮ್ಮು ಇರುವವರು ಕಾಲು ನೋಯುವಷ್ಟು ದೂರ ನಡೆಯುವುದೇ ಇಲ್ಲ. ಹಾಗಾಗಿ ಸಿಒಪಿಡಿ ಇರುವವರಲ್ಲಿ ಕಾಲುನೋವಿನ ದೂರು ಬರದಿದ್ದರೂ ಪಾದದ ನಾಡಿ ನೋಡಿ. ಇನ್ಹೇಲರ್‌ನಿಂದ ದಮ್ಮು ತಗ್ಗಿದ ಮೇಲೆ "ಈಗ ಕಾಲು ಹಿಡಿಯುತ್ತೆ" ಎಂದು ಬರುವವರಿದ್ದಾರೆ; ಕಾಯಿಲೆ ಮೊದಲೇ ಇತ್ತು.

ಧಮನಿ ಕಾಯಿಲೆಗೆ ರಾಮಿಪ್ರಿಲ್ ಅಥವಾ ಎನಾಲಪ್ರಿಲ್ ಎಂಬ ಬಿಪಿ ಮಾತ್ರೆ ತಿನ್ನುವವರಿಗೆ ಒಣಕೆಮ್ಮು ಬರುವುದುಂಟು. ಜ್ವರವಿಲ್ಲ, ಕಫವಿಲ್ಲ, ಎದೆ ಸ್ವಚ್ಛ, ಗಂಟಲಲ್ಲಿ ಕೆರೆತ. ಮೂರು ಬಾಟಲಿ ಸಿರಪ್ ಮುಗಿದ ಮೇಲೆ ಮಾತ್ರೆಯ ಹಾಳೆ ತರಿಸಿ ನೋಡುವ ಬದಲು ಮೊದಲ ದಿನವೇ ನೋಡಿ. ಮಾತ್ರೆ ಬದಲಿಸಿದರೆ ಸಾಮಾನ್ಯವಾಗಿ ಒಂದರಿಂದ ನಾಲ್ಕು ವಾರದಲ್ಲಿ ಹೋಗುತ್ತದೆ, ಕೆಲವರಿಗೆ ಮೂರು ತಿಂಗಳೂ ಹಿಡಿಯುತ್ತದೆ.

ಅಟಾರ್ವಾಸ್ಟಾಟಿನ್, ಸಿಮ್ವಾಸ್ಟಾಟಿನ್ ತಿನ್ನುವವರಿಗೆ ಕ್ಲಾರಿತ್ರೊಮೈಸಿನ್ ಎಂಬ ಆಂಟಿಬಯಾಟಿಕ್ ಕೊಟ್ಟರೆ ಸ್ಟ್ಯಾಟಿನ್ ಮಟ್ಟ ರಕ್ತದಲ್ಲಿ ಏರಿ ಸ್ನಾಯು ಕರಗುವ ಅಪಾಯವಿದೆ. ಆಗ ಬರುವ ಮೀನಖಂಡದ ನೋವನ್ನು ಕ್ಲಾಡಿಕೇಶನ್ ಎಂದುಕೊಳ್ಳುವುದು ಸುಲಭ. ಕ್ಲಾಡಿಕೇಶನ್‌ಗೆ ಸಿಲೊಸ್ಟಜಾಲ್ ತಿನ್ನುವವರಲ್ಲೂ ಕ್ಲಾರಿತ್ರೊಮೈಸಿನ್ ಆ ಮಾತ್ರೆಯ ಮಟ್ಟವನ್ನು ಏರಿಸುತ್ತದೆ. ನೆಗಡಿ ಮಾತ್ರೆಗಳಲ್ಲಿರುವ ಫೀನೈಲೆಫ್ರಿನ್ ರಕ್ತನಾಳವನ್ನು ಬಿಗಿಯುತ್ತದೆ, ಬಿಪಿ ಏರಿಸುತ್ತದೆ. ಕಾಲಿಗೆ ರಕ್ತ ಸಾಲದವರಿಗೆ ಅದಿಲ್ಲದ್ದನ್ನು ಬರೆಯಿರಿ.

ಕೆಮ್ಮು, ದಮ್ಮು ಏಕಾಏಕಿ ಬಂದು, ಎದೆ ಸ್ವಚ್ಛವಾಗಿ ಕೇಳುತ್ತ, ಆಮ್ಲಜನಕ ಮಾತ್ರ ಕಡಿಮೆಯಿದ್ದರೆ ಮತ್ತೆ ಕಾಲು ನೋಡಿ. ಒಂದು ಮೀನಖಂಡ ಊದಿದ್ದರೆ ಅಲ್ಲಿಂದ ಹೆಪ್ಪು ಶ್ವಾಸಕೋಶಕ್ಕೆ ಹೋಗಿರಬಹುದು. ಅಂಥವರನ್ನು ಸೋಂಕೆಂದು ಮನೆಗೆ ಕಳಿಸಬಾರದು.

ಫ್ಲೂ ಖಚಿತವಾದ ಮೊದಲ ವಾರದಲ್ಲಿ ಹೃದಯಾಘಾತದ ಸಂಭವ ಉಳಿದ ದಿನಗಳಿಗಿಂತ ಸುಮಾರು ಆರು ಪಟ್ಟು ಎಂದು 2018ರ ಅಧ್ಯಯನವೊಂದು ತೋರಿಸಿದೆ. ಅಪಧಮನಿ ಕಾಯಿಲೆಯವರು ಜ್ವರ, ಕೆಮ್ಮಿನ ನಡುವೆ ಎದೆ ಬಿಗಿತ ಎಂದರೆ ಇಸಿಜಿ ತೆಗೆಯಿರಿ, ಆಸ್ಪಿರಿನ್, ಸ್ಟ್ಯಾಟಿನ್ ನಿಲ್ಲಿಸಿಬಿಟ್ಟಿದ್ದಾರೆಯೇ ಕೇಳಿ. ಫ್ಲೂ ಮತ್ತು ನ್ಯುಮೊಕಾಕಸ್ ಲಸಿಕೆಯನ್ನು ಇವರಿಗೆ ಮರೆಯದೆ ಹೇಳಿ. ಐವತ್ತು ದಾಟಿದ ಬೀಡಿ, ಸಿಗರೇಟು ಸೇದುವವರಿಗೆ ನ್ಯುಮೋನಿಯಾ ವಾಸಿಯಾದ ಮೇಲೂ ಆರು ವಾರಕ್ಕೆ ಮತ್ತೆ ಎಕ್ಸ್‌ರೇ ತೆಗೆಸಬೇಕು. ನೆರಳು ಹಾಗೇ ಉಳಿದಿದ್ದರೆ ಅದರ ಹಿಂದೆ ಗಡ್ಡೆ ಇರಬಹುದು.

ಚೀಟಿಯಲ್ಲಿ ಏನು ಬರೆಯಬೇಕು

"ಕಾಲುನೋವು, ಮುಂದಿನ ಚಿಕಿತ್ಸೆಗಾಗಿ" ಎಂದಷ್ಟೇ ಬರೆದು ಕಳಿಸಿದರೆ ಅಲ್ಲಿ ಮತ್ತೆ ಮೊದಲಿನಿಂದ ಶುರು. ಕಾಲಿಗೆ ಬರೆಯಬೇಕಾದ್ದು: ಎಷ್ಟು ದೂರಕ್ಕೆ ನೋವು, ರಾತ್ರಿ ನೋವಿದೆಯೇ, ಹುಣ್ಣು ಎಲ್ಲಿ, ನಾಲ್ಕೂ ನಾಡಿ ಎರಡೂ ಕಾಲಿನಲ್ಲಿ ಇದೆಯೇ ಇಲ್ಲವೇ, ಅಳೆದ ಆರೂ ಒತ್ತಡಗಳು (ಬರೀ ಎಬಿಐ ಅಲ್ಲ), ಡಾಪ್ಲರ್ ಸದ್ದು ಹೇಗಿತ್ತು, ಸಕ್ಕರೆ, ಕ್ರಿಯಾಟಿನಿನ್, ತಂಬಾಕು. ಎದೆಗೆ ಬರೆಯಬೇಕಾದ್ದು: ಎಷ್ಟನೇ ದಿನದ ಕಾಯಿಲೆ, ಪೂರ್ತಿ ನಿಮಿಷ ಎಣಿಸಿದ ಉಸಿರು, ಆಮ್ಲಜನಕ ಕೊಡದೆ ನೋಡಿದ ಆಕ್ಸಿಮೀಟರ್ ಅಂಕಿ, ಸಿಆರ್‌ಬಿ–65, ಸದ್ದು ಯಾವ ಬದಿ ಯಾವ ಮಟ್ಟದಲ್ಲಿ, ಈಗಾಗಲೇ ತಿಂದ ಆಂಟಿಬಯಾಟಿಕ್‌ನ ಹೆಸರು ಮತ್ತು ದಿನಗಳು. ಹೊರಡುವ ಸಮಯವನ್ನು ಮೇಲ್ಗಡೆ ಎದ್ದು ಕಾಣುವಂತೆ ಬರೆಯಿರಿ. ಏಕಾಏಕಿ ಮುಚ್ಚಿದ ಕಾಲಾದರೆ ನೋವು ಶುರುವಾದ ಗಂಟೆಯನ್ನೂ ಅದರ ಪಕ್ಕದಲ್ಲೇ ಬರೆಯಿರಿ.